ಸ್ಕೀ ಮಾಡೋಕೆ ನೊಜಾವಾಗೆ ಹೊರಟಿದ್ದೇವೆ: ರಿಯೋಕಾನ್‌ನಲ್ಲಿ ಉಳಿಯಬೇಕಾ, ಬೇಡವಾ?

ಮೊದಲಹಿಮ | ನವೆಂಬರ್ 9

ಎಲ್ಲರಿಗೂ ನಮಸ್ಕಾರ. ಜನವರಿ ಮೂರನೇ ವಾರದಲ್ಲಿ ನಾನು, ಹೆಂಡತಿ, ಅಮ್ಮ ಮೂವರೂ ಜಪಾನಿಗೆ ಹೊರಟಿದ್ದೇವೆ. ಟೋಕಿಯೋದಲ್ಲಿ ಮೂರು ದಿನ. ಅಲ್ಲಿಂದ ನಾಗಾನೊ ಪ್ರಾಂತ್ಯದ ನೊಜಾವಾ ಒನ್ಸೆನ್ ಅನ್ನೋ ಹಳ್ಳಿಯಲ್ಲಿ ನಾಲ್ಕು ರಾತ್ರಿ. ನಾನು ಗುಲ್ಮಾರ್ಗ್‌ನಲ್ಲಿ ಎರಡು ಸಲ ಸ್ಕೀ ಮಾಡಿದ್ದೇನೆ, ಬಿದ್ದದ್ದೇ ಜಾಸ್ತಿ. ಹೆಂಡತಿಗೆ ಇದೇ ಮೊದಲು. ಅಪ್ಪ ಚಳಿಗೆ ಹೆದರಿ ಬರಲ್ಲ ಅಂದರು. ಅಮ್ಮನಿಗೆ 64, ಮಂಡಿ ನೋವು. "ನೀವು ಹಿಮದಲ್ಲಿ ಜಾರ್ತಾ ಇರಿ, ನಾನು ಬಿಸಿನೀರಲ್ಲಿ ಕೂತಿರ್ತೀನಿ" ಅಂತ ಈಗಲೇ ಹೇಳಿಬಿಟ್ಟಿದ್ದಾರೆ.

ನನ್ನ ಗೊಂದಲ ಇದು. ಬಿಸಿನೀರಿನ ಬುಗ್ಗೆ (ಒನ್ಸೆನ್ ಅಂದರೆ ಅದೇ) ಇರುವ ರಿಯೋಕಾನ್‌ನಲ್ಲಿ, ಅಂದರೆ ಹಳೇ ಶೈಲಿಯ ಜಪಾನೀ ವಸತಿಗೃಹದಲ್ಲಿ ಉಳಿಯೋದಾ, ಅಥವಾ ಸುಮ್ನೆ ಒಂದು ಸ್ಕೀ ಲಾಡ್ಜ್ ಹಿಡಿಯೋದಾ? ರಿಯೋಕಾನ್ ದುಬಾರಿ ಅನ್ನಿಸುತ್ತಿದೆ. ಅಮ್ಮ ಮೊಟ್ಟೆ ಕೂಡ ತಿನ್ನಲ್ಲ. ಇನ್ನೊಂದು ವಿಷಯ, ಅಲ್ಲಿ ಎಲ್ಲರೂ ಬಟ್ಟೆ ಇಲ್ಲದೆ ಒಟ್ಟಿಗೆ ಸ್ನಾನ ಮಾಡ್ತಾರೆ ಅನ್ನೋದನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳೋದು ಅಂತ ಗೊತ್ತಾಗುತ್ತಿಲ್ಲ.

ಬೆಳಗಿನಗೊಂಡೋಲಾ | ನವೆಂಬರ್ 9

ಬೇಡ. ಸ್ಕೀ ಮಾಡೋಕೆ ಹೋಗುವವರಿಗೆ ರಿಯೋಕಾನ್ ಹೇಳಿ ಮಾಡಿಸಿದ ಜಾಗ ಅಲ್ಲ. ನಾನು ಒಂದು ಸಲ ಉಳಿದು ಪಾಠ ಕಲಿತವನು. (ಊರು ಬೇರೆ, ಹೆಸರು ಹೇಳಲ್ಲ.) ರಾತ್ರಿ ಊಟ 6ಕ್ಕೆ ಅಂದರೆ 6ಕ್ಕೇ. ಹತ್ತು ಬಗೆ ಒಂದಾದ ಮೇಲೊಂದು ಬರ್ತಾ ಇರುತ್ತೆ. ಎರಡು ಗಂಟೆ ಕಾಲು ಮಡಚಿ ಕೂತು, ಮರುದಿನ ತೊಡೆ ಹಿಡಿದುಕೊಂಡಿತ್ತು. ಬೆಳಗಿನ ತಿಂಡಿ 8ಕ್ಕೆ. ಅದಕ್ಕೂ ಮುಂಚೆ ಕೊಡಲ್ಲ ಅಂದರು. ರಾತ್ರಿಯಿಡೀ ಹಿಮ ಬಿದ್ದಿದೆ, ಗುಡ್ಡದ ಮೇಲಕ್ಕೆ ಒಯ್ಯುವ ಗೊಂಡೋಲಾ (ಕೇಬಲ್ ಕಾರು) ಎಂಟೂವರೆಗೆ ಶುರುವಾಗುತ್ತೆ, ನಾನು ಮಾತ್ರ ಹುರಿದ ಮೀನಿನ ಮುಂದೆ ಕೂತಿದ್ದೇನೆ. ಮೇಲೆ ಹೋಗುವಷ್ಟರಲ್ಲಿ ಇಡೀ ಗುಡ್ಡ ಉಳುಮೆ ಮಾಡಿದ ಹೊಲದ ಥರ ಆಗಿತ್ತು.

ಜೊತೆಗೆ ಅಲ್ಲಿ ಬಾಡಿಗೆ ರೂಮಿಗಲ್ಲ, ತಲೆಗೆ. ಎರಡು ಹೊತ್ತಿನ ಊಟ ಸೇರಿಸಿಯೇ ಲೆಕ್ಕ. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ನಗೋಯಾದವ | ನವೆಂಬರ್ 10

ಗೊಂಡೋಲಾ ಅವರೇ, ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿಮ್ಮ ಲೆಕ್ಕ ಪುಡಿಹಿಮಕ್ಕೆ ಬೆಳಗ್ಗೆ ಓಡುವವರದ್ದು. ಇವರು ಹೋಗ್ತಿರೋದು ಅಮ್ಮನ ಜೊತೆ, ಮೊದಲ ಸಲ ಸ್ಕೀ ಕಟ್ಟುವ ಹೆಂಡತಿ ಜೊತೆ.

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಪ್ರತಿ ಚಳಿಗಾಲ ಒಂದು ಸಲ ನಾಗಾನೊ ಕಡೆ ಹೋಗ್ತೀನಿ. ನನ್ನ ಅನುಭವದಲ್ಲಿ ರಿಯೋಕಾನ್‌ನ ಗಡಿಯಾರ, ಸ್ಕೀ ಮಾಡಿದ ಮೈಯ ಗಡಿಯಾರ ಎರಡೂ ಒಂದೇ. ಯೋಚನೆ ಮಾಡಿ. ಜನವರಿಯಲ್ಲಿ ಅಲ್ಲಿ ಸಂಜೆ 5ರ ಒಳಗೆ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆ ಹೊತ್ತಿಗೆ ಗುಡ್ಡ ಹತ್ತಿಸುವ ಲಿಫ್ಟ್ ನಿಲ್ಲುತ್ತೆ. ಆಮೇಲೆ ಏನು ಮಾಡ್ತೀರಿ? ಮೈ ಕೈ ನೋವು, ಕಾಲು ಮರಗಟ್ಟಿದೆ. ನೇರ ಬಿಸಿನೀರಿಗೆ ಇಳಿಯಿರಿ. 6ಕ್ಕೆ ಊಟ. ನೀವು ಉಣ್ಣುವಾಗಲೇ ಯಾರೋ ಬಂದು ತತಾಮಿ ಚಾಪೆ ಮೇಲೆ ಹಾಸಿಗೆ ಹಾಸಿ ಹೋಗಿರ್ತಾರೆ. ಮಲಗುವ ಮುಂಚೆ ಇನ್ನೊಂದು ಮುಳುಗು. 9ಕ್ಕೆ ನಿದ್ದೆ. ಲಾಡ್ಜ್‌ನಲ್ಲಿದ್ದರೆ ಅದೇ ಹೊತ್ತಿಗೆ ಹಿಮದಲ್ಲಿ ಜಾರುತ್ತಾ, ಸೀಟು ಸಿಗುವ ಹೋಟೆಲ್ ಹುಡುಕುತ್ತಾ ಅಲೆಯಬೇಕು. ನೊಜಾವಾದಲ್ಲಿ ಸೀಸನ್ ಹೊತ್ತಿಗೆ ಅದು ಸಣ್ಣ ಕೆಲಸ ಅಲ್ಲ.

ಬುಕ್ ಮಾಡುವ ಮುಂಚೆ ಎರಡು ವಿಷಯ ಕೇಳಿ. ಸ್ಕೀ ಒಣಗಿಸುವ ಕೋಣೆ ಇದೆಯಾ? ಜಪಾನಿಯಲ್ಲಿ ಅದಕ್ಕೆ ಕಾನ್‌ಸೋಶಿತ್ಸು ಅಂತಾರೆ. ಒದ್ದೆ ಬೂಟು ಬೆಳಗ್ಗೆ ಹಾಕಿಕೊಳ್ಳುವಷ್ಟು ನರಕ ಇನ್ನೊಂದಿಲ್ಲ. ಎರಡನೆಯದು, ಮನೆಯೊಳಗೇ ಬುಗ್ಗೆಯ ನೀರು ಬರುತ್ತಾ? ಜಪಾನಿನ 1948ರ ಒನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಇದ್ದರೂ ಅದು ಒನ್ಸೆನ್ನೇ, ಕಾಯಿಸಿ ಕೊಡಬಹುದು. ನೊಜಾವಾದಲ್ಲಿ ಉಲ್ಟಾ, ಅಲ್ಲಿ ತಣ್ಣೀರು ಬೆರೆಸದಿದ್ದರೆ ಕಾಲಿಡೋಕೇ ಆಗಲ್ಲ.

ಬಿಲ್ಲಿನ ಕೊನೆಯಲ್ಲಿ ಸ್ನಾನದ ತೆರಿಗೆ ಅಂತ ಒಂದು ಸಾಲು ಇರುತ್ತೆ. ಸಾಮಾನ್ಯವಾಗಿ ತಲೆಗೆ ರಾತ್ರಿಗೆ 150 ಯೆನ್. ನಮ್ಮವರು ಅದನ್ನ ನೋಡಿ ಗಾಬರಿ ಆಗ್ತಾರೆ, ಅದಕ್ಕೆ ಹೇಳಿದೆ.

ಪುತ್ತೂರಿನವಳು | ನವೆಂಬರ್ 10

ಅಮ್ಮನ ವಿಷಯ ನಾನು ಹೇಳ್ತೇನೆ. ನಾನು ನನ್ನ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ.

ಮೊದಲು ಇದನ್ನ ಹೇಳಿ: ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಬಾಗಿಲಿಗೆ ಬಟ್ಟೆಯ ಪರದೆ ಇರುತ್ತೆ. ಸಾಮಾನ್ಯವಾಗಿ ನೀಲಿ ಗಂಡಸರದ್ದು, ಕೆಂಪು ಹೆಂಗಸರದ್ದು. ಕೆಲವು ಕಡೆ ದಿನಕ್ಕೊಮ್ಮೆ ಎರಡನ್ನೂ ಅದಲುಬದಲು ಮಾಡ್ತಾರೆ. ನಮ್ಮ ಮನೆಯವರು ಬೆಳಗ್ಗೆ ಎದ್ದು ನಿದ್ದೆಗಣ್ಣಲ್ಲಿ ನಿನ್ನೆಯ ಬಾಗಿಲಿಗೇ ಹೊರಟಿದ್ದರು. ನಾನು ಹಿಂದಿನಿಂದ ಕೂಗಿದ್ದಕ್ಕೆ ಮಾನ ಉಳಿಯಿತು.

ಒಳಗೆ ಹೋದ ತಕ್ಷಣ ನೀರಿಗೆ ಇಳಿಯೋದಲ್ಲ. ಪುಟ್ಟ ಸ್ಟೂಲ್ ಇರುತ್ತೆ, ಪಕ್ಕದಲ್ಲಿ ಒಂದು ಚಿಕ್ಕ ಬೋಗುಣಿ. ಅಲ್ಲಿ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. ಕೊಳಕ್ಕೆ ಇಳಿಯೋದು ಕೊಳೆ ಕಳೆಯೋಕೆ ಅಲ್ಲ, ಮೈ ಕಾಯಿಸೋಕೆ. ನಮ್ಮೂರ ಬಚ್ಚಲಲ್ಲಿ ಹಂಡೆ ಪಕ್ಕ ಮಣೆ ಮೇಲೆ ಕೂತು ಚೊಂಬಲ್ಲಿ ಹೊಯ್ದುಕೊಂಡು ಬೆಳೆದವರಿಗೆ ಇದು ಹೊಸದೇ ಅಲ್ಲ. ಅತ್ತೆಗೆ ನಾನು ಹೀಗೇ ಹೇಳಿದ್ದು: "ಬಚ್ಚಲು ಅದೇ, ಹಂಡೆ ಮಾತ್ರ ದೊಡ್ಡದು, ನಾವೇ ಒಳಗೆ ಇಳೀಬೇಕು." ಅವರು ನಕ್ಕರು. ಅರ್ಧ ಕೆಲಸ ಅಲ್ಲೇ ಆಯಿತು.

ಕೊಳಕ್ಕೆ ಸ್ವಿಮ್‌ಸೂಟ್ ನಡೆಯಲ್ಲ, ಸೀರೆಯೂ ನಡೆಯಲ್ಲ. ಕೈಗೆ ಒಂದು ಪುಟ್ಟ ಟವೆಲ್ ಸಿಗುತ್ತೆ, ನಡೆಯುವಾಗ ಅದನ್ನ ಮುಂದೆ ಹಿಡಿದುಕೊಳ್ಳಬಹುದು. ಆದರೆ ನೀರಿಗೆ ಅದ್ದಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ತಾರೆ. ಜಡೆ ಎತ್ತಿ ಕಟ್ಟಲಿ. ಯಾರೂ ಯಾರನ್ನೂ ನೋಡಲ್ಲ. ನಿಜವಾಗಿ ನೋಡಲ್ಲ. ಅಷ್ಟೊಂದು ಹಬೆ ಬೇರೆ.

ಆದರೂ ಮೊದಲ ದಿನ ಅತ್ತೆಗೆ ಆಗಲೇ ಇಲ್ಲ. ಬಾಗಿಲ ತನಕ ಬಂದು ವಾಪಸ್ ಹೋದರು. ಎರಡನೇ ದಿನ ರಾತ್ರಿ 10 ಗಂಟೆಗೆ ಯಾರೂ ಇಲ್ಲದಾಗ ಇಬ್ಬರೇ ಹೋದೆವು. ಒತ್ತಾಯ ಮಾಡಬೇಡಿ ಅಷ್ಟೇ. ಬೇಕಿದ್ದರೆ ಗಂಟೆ ಲೆಕ್ಕದಲ್ಲಿ ಮನೆಯವರಿಗೆ ಮಾತ್ರ ಬಿಟ್ಟುಕೊಡುವ ಬಚ್ಚಲೂ ಕೆಲವು ರಿಯೋಕಾನ್‌ನಲ್ಲಿ ಇರುತ್ತೆ. "ಕಾಶಿಕಿರಿ" ಅಂತ ಕೇಳಿ.

ಅಂದಹಾಗೆ, ನಮ್ಮ ಪುತ್ತೂರು ತಾಲ್ಲೂಕಿನಲ್ಲೂ ಬಿಸಿನೀರಿನ ಬುಗ್ಗೆ ಇದೆ, ಬೆಂದ್ರುತೀರ್ಥ. ಅದನ್ನ ನೋಡಿ ಬೆಳೆದ ನನಗೆ ನೊಜಾವಾದ ನೀರು ಮುಟ್ಟಿ ಕೈ ಸುಟ್ಟ ಹಾಗಾಯಿತು.

ಮೊದಲಹಿಮ | ನವೆಂಬರ್ 10

"ಹಂಡೆ ಮಾತ್ರ ದೊಡ್ಡದು" ಅನ್ನೋದನ್ನ ಹಾಗೇ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸೀಗೆಪುಡಿ ತಗೊಂಡು ಹೋಗಬಹುದಾ?" ಅಂದರು. ಅಲ್ಲಿಗೆ ಒಪ್ಪಿದ ಹಾಗೆ ಅಲ್ವಾ?

ಸಪ್ಪೋರೋಸಾರು | ನವೆಂಬರ್ 11

ಊಟದ ವಿಷಯ ಯಾರೂ ಮಾತಾಡ್ತಿಲ್ಲ. ನಾನೇ ಮನಸ್ಸು ನೋಯಿಸುತ್ತೇನೆ.

"ತರಕಾರಿ ಮಾತ್ರ" ಅಂತ ಹೇಳಿದರೆ ಸಾಲದು. ಜಪಾನಿನ ಅಡುಗೆಯ ಬುಡವೇ ದಾಶಿ. ನಮ್ಮ ಬೇಳೆಕಟ್ಟಿನ ಥರ ಅಂದುಕೊಳ್ಳಿ. ಅದನ್ನ ಹೆಚ್ಚಾಗಿ ಮಾಡೋದು ಒಣಗಿಸಿದ ಬೊನಿಟೋ ಮೀನಿನ ಹೆರಕಲಿನಿಂದ. ಬೇಯಿಸಿದ ಕುಂಬಳಕಾಯಿಯಲ್ಲಿ ಅದು ಇರುತ್ತೆ. ಮಿಸೋ (ಹುದುಗಿಸಿದ ಸೋಯಾ) ಸೂಪಿನಲ್ಲಿ ಇರುತ್ತೆ. ಸೋಬಾ ನೂಡಲ್ಸ್ ಅದ್ದುವ ರಸದಲ್ಲಿ ಇರುತ್ತೆ. ಟೆಂಪುರಾ (ನಮ್ಮ ಬಜ್ಜಿ ಥರ) ಹಿಟ್ಟಿಗೆ ಮೊಟ್ಟೆ ಹಾಕ್ತಾರೆ. ಅಡುಗೆಯವರು ಮೋಸ ಮಾಡ್ತಿಲ್ಲ. ಅವರ ಕಣ್ಣಿಗೆ ಅದು ಮೀನೇ ಅಲ್ಲ.

ಹಾಗಾಗಿ ಕನಿಷ್ಠ ಒಂದೆರಡು ವಾರ ಮೊದಲೇ ಬರೆದು ಕೇಳಿ. ಮೀನಿನ ದಾಶಿ ಬೇಡ, ಕೊಂಬು ಅನ್ನೋ ಸಮುದ್ರದ ಪಾಚಿ ಅಥವಾ ಶಿಟಾಕೆ ಅಣಬೆಯ ದಾಶಿ ಆಗಬಹುದು ಅಂತ ಸ್ಪಷ್ಟವಾಗಿ ಹೇಳಿ. ಬೌದ್ಧ ಮಠಗಳ ಊಟಕ್ಕೆ ಶೋಜಿನ್ ರ್ಯೋರಿ ಅಂತಾರೆ. ಆ ಪದ ಹಾಕಿದರೆ ಅವರಿಗೆ ತಕ್ಷಣ ಅರ್ಥ ಆಗುತ್ತೆ. ಕೆಲವರು "ನಮ್ಮಿಂದ ಆಗಲ್ಲ" ಅಂತ ಉತ್ತರ ಬರೀತಾರೆ. ಬೇಜಾರಾಗಬೇಡಿ. ಆಗಲ್ಲ ಅನ್ನುವವರು ಎಷ್ಟೋ ವಾಸಿ. ಹೋದ ದಿನ ಸಂಜೆ ಹೇಳಿದರೆ ಮಾತ್ರ ಅನ್ನ, ಉಪ್ಪಿನಕಾಯಿ, ತೋಫು, ಅಷ್ಟೇ.

ಇಲ್ಲಾಂದ್ರೆ ಊಟ ಇಲ್ಲದ ಬುಕಿಂಗ್ ಕೇಳಿ, ಸುದೋಮಾರಿ ಅಂತಾರೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಗೊಂಡು ಹೋಗಿ. ಅನ್ನ ಎಲ್ಲಾ ಕಡೆ ಸಿಗುತ್ತೆ, ರೂಮಿನಲ್ಲಿ ಬಿಸಿನೀರಿನ ಕೆಟಲ್ ಇದ್ದೇ ಇರುತ್ತೆ. ದಯವಿಟ್ಟು ತತಾಮಿ ಕೋಣೆಯಲ್ಲಿ ಒಗ್ಗರಣೆ ಹಾಕುವ ಸಾಹಸ ಮಾತ್ರ ಬೇಡ. ಹುಲ್ಲಿನ ಚಾಪೆ ಅದು, ವಾಸನೆ ಹಿಡಿದುಕೊಂಡರೆ ಬಿಡಲ್ಲ. ಹಾಗೆ ಮಾಡಿದವರು ಗೊತ್ತು ನನಗೆ.

ಬೆಳಗಿನಗೊಂಡೋಲಾ | ನವೆಂಬರ್ 11

ನೋಡಿ, ಮೀನು ತಿನ್ನದವರು ಹತ್ತು ಬಗೆ ಮೀನಿನ ಊಟಕ್ಕೆ ದುಡ್ಡು ಕೊಟ್ಟು ಚಟ್ನಿಪುಡಿ ತಿನ್ನಬೇಕು. ನಾನು ಹೇಳಿದ್ದು ಇದನ್ನೇ.

ಕುಂದಾಪ್ರದ್ ಅಜ್ಜ | ನವೆಂಬರ್ 12

ಅಮ್ಮನಿಗೆ ಬಿಪಿ ಉಂಟಾ? ಇದ್ದರೆ ಡಾಕ್ಟರ್ ಹತ್ತಿರ ಮೊದಲೇ ಕೇಳಿ. ಬಟ್ಟೆ ಬಿಚ್ಚುವ ಕೋಣೆ ಕೊರೆಯುತ್ತೆ, ನೀರು ಕುದಿಯುತ್ತೆ. ಆ ಏರುಪೇರಿಗೇ ಜಪಾನಿನಲ್ಲಿ ಚಳಿಗಾಲದಲ್ಲಿ ವಯಸ್ಸಾದವರು ಬಚ್ಚಲಲ್ಲಿ ಬಿದ್ದುಬಿಡ್ತಾರೆ. ಇಳಿಯುವ ಮುಂಚೆ ಕಾಲಿನಿಂದ ಶುರುಮಾಡಿ ಮೇಲೆ ಮೇಲೆ ನೀರು ಹೊಯ್ದುಕೊಳ್ಳಬೇಕು. ಮೊದಲ ಸಲ ಐದು ನಿಮಿಷ ಸಾಕು. ಮೊದಲೂ ಆಮೇಲೂ ನೀರು ಕುಡಿಯಲಿ. ಏಳುವಾಗ ಕಂಬಿ ಹಿಡಿದು ನಿಧಾನ ಏಳಲಿ.

ಸ್ಕೀ ಮುಗಿಸಿ ಬಿಯರ್ ಕುಡಿದು ಆಮೇಲೆ ನೀರಿಗೆ ಇಳಿಯುವ ಹುಡುಗರಿಗೂ ಇದೇ ಮಾತು. ಸ್ನಾನ ಮೊದಲು, ಬಿಯರ್ ಆಮೇಲೆ.

ಮತ್ತೆ, ಅದು ಗಂಧಕದ ನೀರು. ಬೆಳ್ಳಿ ಕಪ್ಪಾಗುತ್ತೆ. ಕಾಲುಂಗುರ ತೆಗೆದಿಡಲಿ.

ಮೊದಲಹಿಮ | ನವೆಂಬರ್ 12

ಕಾಲುಂಗುರ ತೆಗೆಯೋದಾ? ಅಜ್ಜ, ನೀವೇ ಬಂದು ಅಮ್ಮನಿಗೆ ಹೇಳಿ. 😀

ಬಿಪಿ ಇಲ್ಲ, ಆದರೂ ಡಾಕ್ಟರ್ ಹತ್ತಿರ ಕೇಳ್ತೀನಿ. ಇನ್ನೊಂದು ಪ್ರಶ್ನೆ, ಹೆಂಡತಿಯ ಮಣಿಕಟ್ಟಿನ ಮೇಲೆ ಪುಟ್ಟ ಹಚ್ಚೆ ಇದೆ. ತೊಂದರೆ ಆಗುತ್ತಾ?

ನಗೋಯಾದವ | ನವೆಂಬರ್ 12

ಜಾಗದಿಂದ ಜಾಗಕ್ಕೆ ಬೇರೆ. ಬುಕ್ ಮಾಡುವಾಗಲೇ ಕೇಳಿ. ಪುಟ್ಟದಾದರೆ ಚರ್ಮದ ಬಣ್ಣದ ಸ್ಟಿಕ್ಕರ್ ಅಂಟಿಸಿಕೊಂಡರೆ ಸಾಕು ಅಂತಾರೆ.

ದಾರಿ ಸುಲಭ. ಟೋಕಿಯೋದಿಂದ ಹೊಕುರಿಕು ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತಿ ಈಯಾಮಾ ಸ್ಟೇಷನ್‌ನಲ್ಲಿ ಇಳಿಯಿರಿ. ಎರಡು ಗಂಟೆಯೂ ಬೇಡ. ಎಲ್ಲಾ ರೈಲೂ ಅಲ್ಲಿ ನಿಲ್ಲಲ್ಲ, ನೋಡಿಕೊಂಡು ಹತ್ತಿ. 2015ರಲ್ಲಿ ಈ ಸ್ಟೇಷನ್ ಆದಮೇಲೆ ನೊಜಾವಾ ತುಂಬಾ ಹತ್ತಿರ ಆಯಿತು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 25 ನಿಮಿಷ. ಸ್ಕೀ, ಬೂಟು, ಹೆಲ್ಮೆಟ್ ಎಲ್ಲಾ ಹಳ್ಳಿಯಲ್ಲೇ ಬಾಡಿಗೆಗೆ ಸಿಗುತ್ತೆ. ಬೆಂಗಳೂರಿನಿಂದ ಹೊರಬೇಡಿ. ದೊಡ್ಡ ಸೂಟ್‌ಕೇಸನ್ನ ಟೋಕಿಯೋ ಹೋಟೆಲಿನಿಂದಲೇ ಟಕ್ಯೂಬಿನ್ ಪಾರ್ಸೆಲ್‌ನಲ್ಲಿ ರಿಯೋಕಾನ್‌ಗೆ ಕಳಿಸಿಬಿಡಿ. ಸಾಮಾನ್ಯವಾಗಿ ಮಾರನೇ ದಿನ ತಲುಪುತ್ತೆ, ಹಿಮ ಜೋರಾದರೆ ಒಂದು ದಿನ ತಡ.

ಪುತ್ತೂರಿನವಳು | ನವೆಂಬರ್ 13

ಸ್ವಲ್ಪ ಮುಂಚೆ ಹೋಗೋಕೆ ಆಗಲ್ವಾ? ಜನವರಿ 15ರ ರಾತ್ರಿ ಅಲ್ಲಿ ದೋಸೋಜಿನ್ ಬೆಂಕಿ ಹಬ್ಬ. ಮರದ ದೊಡ್ಡ ಗುಡಿ ಕಟ್ಟಿ, 42 ವರ್ಷದ ಗಂಡಸರು ಮೇಲೆ ಕೂರ್ತಾರೆ, 25ರವರು ಕೆಳಗೆ ನಿಂತು ಕಾಯ್ತಾರೆ. ಊರಿನವರು ಪಂಜು ಹಿಡಿದು ಬಂದು ಸುಡೋಕೆ ನೋಡ್ತಾರೆ. ಆ ವಯಸ್ಸುಗಳಿಗೆ ಕಂಟಕ ಅನ್ನೋ ನಂಬಿಕೆ ಅಲ್ಲಿ.

ನಗೋಯಾದವ | ನವೆಂಬರ್ 13

ಆ ರಾತ್ರಿಗೆ ಈಗ ರೂಮು ಸಿಗಲ್ಲ. ಆಸೆ ತೋರಿಸಬೇಡಿ.

ಮೊದಲಹಿಮ | ನವೆಂಬರ್ 20

ಐದು ರಿಯೋಕಾನ್‌ಗೆ ಬರೆದೆ. ಇಬ್ಬರು ಆಗಲ್ಲ ಅಂದರು, ಇಬ್ಬರಿಂದ ಉತ್ತರವೇ ಇಲ್ಲ. ಒಬ್ಬರು ಮಾತ್ರ ನಾಲ್ಕು ಪ್ರಶ್ನೆ ವಾಪಸ್ ಕೇಳಿದರು: ಈರುಳ್ಳಿ ಆಗುತ್ತಾ, ಹಾಲು ಆಗುತ್ತಾ, ಅಣಬೆ ಆಗುತ್ತಾ, ಅಮ್ಮನಿಗೆ ನೆಲದ ಮೇಲೆ ಕೂರೋಕೆ ಆಗುತ್ತಾ ಇಲ್ಲಾ ಕುರ್ಚಿ ಬೇಕಾ. ಅಲ್ಲೇ ಬುಕ್ ಮಾಡಿದೆ. ಎರಡು ರಾತ್ರಿ ಅಲ್ಲಿ, ತಲೆಗೆ 22,000 ಯೆನ್. ಉಳಿದ ಎರಡು ರಾತ್ರಿ ಲಾಡ್ಜ್. ಇಬ್ಬರ ಮಾತೂ ಕೇಳಿದ ಹಾಗಾಯಿತು.

ಮೊದಲಹಿಮ | ಜನವರಿ 30

ವಾಪಸ್ ಬಂದೆವು. ಬರೀತೀನಿ ಅಂದಿದ್ದೆ, ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಹೋದಾಗ ಮಧ್ಯಾಹ್ನ 3. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಸ್ಲಿಪ್ಪರ್ ಹಾಕಬೇಕು. ತತಾಮಿ ಬಂದಲ್ಲಿ ಸ್ಲಿಪ್ಪರೂ ಬಿಡಬೇಕು. ಟಾಯ್ಲೆಟ್‌ಗೆ ಬೇರೆ ಸ್ಲಿಪ್ಪರ್. ನಾನು ಟಾಯ್ಲೆಟ್ ಸ್ಲಿಪ್ಪರಿನಲ್ಲೇ ಊಟದ ಕೋಣೆ ತನಕ ನಡೆದುಹೋದೆ. ಮನೆಯೊಡತಿ, ಒಕಾಮಿ ಅಂತಾರೆ, ನನ್ನ ಕಾಲು ನೋಡಿ ಬಾಯಿ ಮುಚ್ಚಿ ನಕ್ಕರು. ಅಮ್ಮನಿಗೆ ಮಾತ್ರ ಒಂದೂ ತಪ್ಪಲಿಲ್ಲ. "ಇಷ್ಟು ಮಡಿ ನಮ್ಮಜ್ಜಿ ಮನೇಲೂ ಇತ್ತು" ಅಂದರು. ಯುಕಾತಾ, ಅಂದರೆ ಅಲ್ಲಿ ಕೊಡುವ ಹತ್ತಿಯ ನಿಲುವಂಗಿ, ಉಡುವಾಗ ನಾನು ಬಲಗಡೆಯದನ್ನ ಮೇಲೆ ತಂದಿದ್ದೆ. ಒಕಾಮಿ ಓಡಿಬಂದು ಬಿಚ್ಚಿಸಿ ಎಡಗಡೆಯದನ್ನ ಮೇಲೆ ಹಾಕಿಸಿದರು. ಬಲಗಡೆ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿಯಂತೆ.

ಮೊದಲ ರಾತ್ರಿ ಊಟದಲ್ಲಿ ಒಂದು ಎಡವಟ್ಟು. ಅಮ್ಮನ ಬಟ್ಟಲಲ್ಲಿ ಹಳದಿಯಾಗಿ ಮೆತ್ತಗೆ ಏನೋ ಬಂತು. ನೋಡಿದರೆ ಮೊಟ್ಟೆಯ ಚವಾನ್‌ಮುಶಿ. ಪಕ್ಕದ ಮೇಜಿನದ್ದು ಇಲ್ಲಿಗೆ ಬಂದಿತ್ತು. ತೆಗೆದುಕೊಂಡು ಹೋಗಿ ಎಷ್ಟು ಸಲ ಬಗ್ಗಿದರು ಅಂದರೆ ಕೊನೆಗೆ ಅಮ್ಮನೇ ಕೈ ಮುಗಿದು "ಸಾಕು ತಾಯಿ" ಅಂದರು. ಬಾಕಿ ಎಲ್ಲಾ ಚೆನ್ನಾಗಿತ್ತು. ಕೊಂಬು ನೀರಿನಲ್ಲಿ ಕಾಯಿಸಿದ ತೋಫು, ಮಿಸೋ ಸವರಿ ಸುಟ್ಟ ಬದನೆಕಾಯಿ, ಎಳ್ಳಿನ ಸಾಸ್ ಹಾಕಿದ ಸೊಪ್ಪು, ಅಣಬೆ ಅನ್ನ. ಖಾರ ಇಲ್ಲ ಅಷ್ಟೇ. ಅಮ್ಮ ಯುಕಾತಾ ತೋಳಿನಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಒಕಾಮಿಗೂ ಕೊಟ್ಟರು. ಅವರು ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು "ಓಯಿಶಿ" (ರುಚಿಯಾಗಿದೆ) ಅಂದರು. ಮರ್ಯಾದೆಗೆ ಅಂದಿರಬೇಕು.

ಸ್ನಾನ. ಅಮ್ಮ ಮೊದಲ ಸಂಜೆ ಹೋಗಲಿಲ್ಲ. ಮರುದಿನ ಬೆಳಗ್ಗೆ ಐದೂವರೆಗೆ ಎದ್ದು ಯಾರಿಗೂ ಹೇಳದೆ ಒಬ್ಬರೇ ಹೋಗಿ ಬಂದುಬಿಟ್ಟಿದ್ದರು! ಊರಲ್ಲಿ ಏಳುವ ಹೊತ್ತು ಅದು. ಸೀಗೆಪುಡಿ ಮಾತ್ರ ನಾನು ಬ್ಯಾಗಿನಿಂದ ತೆಗೆಸಿದ್ದೆ. ಆಮೇಲೆ ದಿನಕ್ಕೆ ಮೂರು ಸಲ. ನಾವು ಗುಡ್ಡದಲ್ಲಿ ಇದ್ದಾಗ ಹಳ್ಳಿಯ ಬಚ್ಚಲುಗಳಿಗೂ ಹೋಗಲು ಶುರುಮಾಡಿದರು. ನೊಜಾವಾದಲ್ಲಿ ಅಂಥವು 13 ಇವೆ. ಟಿಕೆಟ್ ಇಲ್ಲ, ಬಾಗಿಲಲ್ಲಿ ಕಾಣಿಕೆ ಡಬ್ಬಿ. ಯು-ನಕಾಮಾ ಅಂತ ಅಕ್ಕಪಕ್ಕದ ಮನೆಗಳ ಗುಂಪು ಸರದಿಯ ಮೇಲೆ ತೊಳೆದು ನೋಡಿಕೊಳ್ಳುತ್ತೆ. ನಡುವಿನ ದೊಡ್ಡದು ಓಯು, ದೇವಸ್ಥಾನದ ಹಾಗಿದೆ. ಒಳಗೆ ಎರಡು ತೊಟ್ಟಿ, ಒಂದು ಬಿಸಿ, ಇನ್ನೊಂದು "ಉಗುರುಬೆಚ್ಚಗೆ". ಆ ಉಗುರುಬೆಚ್ಚಗಿನದಕ್ಕೇ ನಾನು ಮೂರು ಸಲ ಕಾಲಿಟ್ಟು ಮೂರು ಸಲ ತೆಗೆದೆ. ಒಬ್ಬ ತಾತ ಕುತ್ತಿಗೆ ತನಕ ಮುಳುಗಿ ನನ್ನನ್ನ ನೋಡಿ ನಗುತ್ತಿದ್ದರು. ಅಮ್ಮನಿಗೆ ಹಿಡಿಸಿದ್ದು ಕುಮಾನೊತೆಅರಾಯು, "ಕರಡಿ ಕೈ ತೊಳೆದ ಬಚ್ಚಲು" ಅಂತ ಅರ್ಥ. ಅಲ್ಲಿ ನೀರು ಸ್ವಲ್ಪ ಹದ.

ಓಗಾಮಾ ಅನ್ನೋ ಬುಗ್ಗೆ ಸುಮಾರು 90 ಡಿಗ್ರಿ. ಊರಿನವರು ಅದರಲ್ಲೇ ನೊಜಾವಾನಾ ಸೊಪ್ಪು, ಮೊಟ್ಟೆ ಬೇಯಿಸ್ತಾರೆ. ಹೊರಗಿನವರನ್ನ ಒಳಗೆ ಬಿಡಲ್ಲ. ಅಮ್ಮ ಬೇಲಿ ಹಿಡಿದು ಅರ್ಧ ಗಂಟೆ ನಿಂತು, ಹಿಮಾಚಲದ ಮಣಿಕರಣ್‌ನಲ್ಲಿ ಅಕ್ಕಿ ಗಂಟು ಕಟ್ಟಿ ಬುಗ್ಗೆಗೆ ಬಿಟ್ಟು ಅನ್ನ ಮಾಡಿದ್ದನ್ನ ನೆನಪಿಸಿಕೊಂಡರು.

ಇನ್ನು ಸ್ಕೀ. ಹೆಂಡತಿಗೆ ಹಿಕಾಗೆ ಕಡೆ ಪಾಠ. ಹಳ್ಳಿಯಿಂದ ಅಲ್ಲಿಗೆ ಏರೋಕೆ ಚಲಿಸುವ ಪಟ್ಟಿ ಇದೆ, ಏರ್‌ಪೋರ್ಟಿನಲ್ಲಿ ಇರುವ ಥರ. ಮೂರನೇ ದಿನಕ್ಕೆ ಉಏನೋತೈರಾದ ಅಗಲವಾದ ಇಳಿಜಾರಿನಲ್ಲಿ ಬೀಳದೆ ಇಳಿದಳು. ನಾನು ನಾಗಸಾಕಾ ಗೊಂಡೋಲಾದಲ್ಲಿ ಮೇಲೆ, ಯಾಮಾಬಿಕೊ ಕಡೆ. ಬೆಟ್ಟದ ತುದಿ 1650 ಮೀಟರ್. ಸೈಬೀರಿಯಾದ ಗಾಳಿ ಸಮುದ್ರ ದಾಟಿ ನೀರು ಹೀರಿಕೊಂಡು ಬಂದು ಇಲ್ಲೇ ಸುರಿಯುತ್ತೆ ಅಂತ ಓದಿದ್ದೆ. ಹಿಮ ಎಷ್ಟು ಹಗುರ ಅಂದರೆ ಬಿದ್ದರೂ ಸದ್ದಿಲ್ಲ. ಬಹಳ ಸಲ ಪರೀಕ್ಷೆ ಮಾಡಿದ್ದೇನೆ.

ಗೊಂಡೋಲಾ ಅವರೇ, ನಿಮ್ಮ ಮಾತೂ ನಿಜವಾಯಿತು. ರಿಯೋಕಾನ್‌ನ ಎರಡನೇ ಬೆಳಗ್ಗೆ ಮೊಣಕಾಲುದ್ದ ಹೊಸ ಹಿಮ. ತಿಂಡಿ 8ಕ್ಕೆ. ನಾನು ಕಿಟಕಿಯಿಂದ ನೋಡುತ್ತಾ ಅನ್ನ ನುಂಗುತ್ತಿದ್ದೆ. ಮೇಲೆ ಹೋದಾಗ ಒಂಬತ್ತೂಮುಕ್ಕಾಲು. ಲಾಡ್ಜ್‌ಗೆ ಹೋದ ಮೇಲೆ ಬೆಳಗ್ಗೆ ಬೇಗ ಹೊರಟೆ, ಸರಿ. ಆದರೆ ಆ ಎರಡೂ ಸಂಜೆ ಹೋಟೆಲ್ ಮುಂದೆ ಹಿಮದಲ್ಲಿ ಮುಕ್ಕಾಲು ಗಂಟೆ ಕಾದೆವು. ಅಮ್ಮ "ವಾಪಸ್ ಆ ಮನೆಗೇ ಹೋಗೋಣ" ಅಂತ ಮೂರು ಸಲ ಅಂದರು.

ಕಾಲುಂಗುರ ತೆಗೆಯಲಿಲ್ಲ. ಕಪ್ಪಾಗಿದೆ. ಈಗ ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂತಿದ್ದಾರೆ.

ಕುಂದಾಪ್ರದ್ ಅಜ್ಜ | ಜನವರಿ 30

ನಾನು ಹೇಳಿದ್ದೆ.

ಸಪ್ಪೋರೋಸಾರು | ಜನವರಿ 31

ಐದರಲ್ಲಿ ಒಬ್ಬರು ನಾಲ್ಕು ಪ್ರಶ್ನೆ ವಾಪಸ್ ಕೇಳಿದರಲ್ಲ, ಅಲ್ಲೇ ಗೆದ್ದಿರಿ. ನೊಜಾವಾನಾ ಉಪ್ಪಿನಕಾಯಿ ತಂದಿದ್ದರೆ ಪ್ಯಾಕೆಟ್ ಹಿಂದೆ ಓದಿಸಿ. ಕೆಲವಕ್ಕೆ ಮೀನಿನ ಸಾರ ಸೇರಿಸಿರ್ತಾರೆ.

ಮೊದಲಹಿಮ | ಜನವರಿ 31

ಅಯ್ಯೋ. ಅಮ್ಮ ಆಗಲೇ ಅರ್ಧ ಬೀದಿಗೆ ಹಂಚಿಬಿಟ್ಟಿದ್ದಾರೆ. ಫೋನಿನಲ್ಲಿ ಫೋಟೋ ಹಿಡಿದು ಅನುವಾದ ಮಾಡಿಸಿದೆ. ದೇವರ ದಯೆ, ಉಪ್ಪು, ಕೊಂಬು, ಮೆಣಸಿನಕಾಯಿ ಅಷ್ಟೇ.

ನಗೋಯಾದವ | ಜನವರಿ 31

ಒಂದು ಮಾತು. ಹಿಮ ಬಿದ್ದ ಬೆಳಗ್ಗೆ ತಿಂಡಿಗೆ ಯಾಕೆ ಕಾದಿರಿ? ಹಿಂದಿನ ರಾತ್ರಿಯೇ ಹೇಳಿದ್ದರೆ ಬಹಳ ಕಡೆ ತಿಂಡಿ ಬದಲು ಒನಿಗಿರಿ ಕಟ್ಟಿಕೊಡ್ತಾರೆ. ಅನ್ನದ ಉಂಡೆ, ಜೇಬಲ್ಲಿ ಇಟ್ಟುಕೊಂಡು ಗೊಂಡೋಲಾದಲ್ಲೇ ತಿನ್ನಬಹುದು. ಕೇಳಲಿಲ್ವಾ?

ಮೊದಲಹಿಮ | ಜನವರಿ 31

ಹಾಗೆ ಕೇಳಬಹುದು ಅಂತಲೇ ಗೊತ್ತಿರಲಿಲ್ಲ.

ಬೆಳಗಿನಗೊಂಡೋಲಾ | ಜನವರಿ 31

ನನಗೂ. ಇದನ್ನ ನವೆಂಬರ್‌ನಲ್ಲೇ ಹೇಳಿದ್ದರೆ ನಾನು ಇಷ್ಟು ವಾದ ಮಾಡ್ತಾನೇ ಇರಲಿಲ್ಲ ಮಾರಾಯ್ರೇ.